ಆಸ್ಪತ್ರೆಗೆ ಸೇರುವ ಎಲ್ಲರನ್ನೂ ಕುಡಿತದ ಬಗ್ಗೆ ಕೇಳಬೇಕಾ, ಬೇಡವಾ?

ತುಂಗಾ ತೀರ:
ನಮ್ಮ ಚಿಕ್ಕಪ್ಪ ತೋಟದಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಶುರುವಾಯಿತು ನೋಡಿ. ಕೈ ನಡುಕ, ಮೈಯೆಲ್ಲ ಬೆವರು, ರಾತ್ರಿಯಿಡೀ ನಿದ್ದೆಯಿಲ್ಲ. ಮರುದಿನ ಗೋಡೆ ಮೇಲೆ ಹುಳ ಹರಿದಾಡುತ್ತಿವೆ ಅಂತ ಕೈ ಬೀಸಲು ಶುರು ಮಾಡಿದರು. ಡ್ರಿಪ್ ಕಿತ್ತುಹಾಕಿ ಮಂಚದಿಂದ ಇಳಿಯಲು ಹೊರಟರು. ವಾರ್ಡಿನವರು ಕೈಕಾಲು ಕಟ್ಟಿದರು. ವಯಸ್ಸಾಗಿದೆ, ಅನಸ್ತೇಷಿಯಾ ಇನ್ನೂ ಇಳಿದಿಲ್ಲ ಅಂದರು.

ಐಸಿಯುಗೆ ಹಾಕಿದ ಮೇಲೆ ಒಬ್ಬರು ಫಿಸಿಷಿಯನ್ ಬಂದು ಕೇಳಿದ ಮೊದಲ ಮಾತೇ "ಇವರು ದಿನಾ ಎಷ್ಟು ಕುಡಿಯುತ್ತಿದ್ದರು?" ಅಂತ. ಚಿಕ್ಕಮ್ಮ ತಲೆ ತಗ್ಗಿಸಿ "ಒಂದು ಕ್ವಾರ್ಟರ್" ಅಂದರು. ಕೇಸ್ ಶೀಟ್ ತೆಗೆದು ನೋಡಿದರೆ ಅಭ್ಯಾಸಗಳು ಎಂಬ ಕಡೆ "ಇಲ್ಲ" ಅಂತ ಬರೆದಿತ್ತು. ಅದನ್ನು ಯಾರು ಬರೆದರು, ಯಾರನ್ನು ಕೇಳಿ ಬರೆದರು, ಇವತ್ತಿಗೂ ಗೊತ್ತಿಲ್ಲ. ಚಿಕ್ಕಪ್ಪ ಈಗ ವಾಕರ್ ಹಿಡಿದು ಓಡಾಡುತ್ತಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಶುಗರ್ ಇದೆಯಾ, ಬಿಪಿ ಇದೆಯಾ, ಯಾವ ಔಷಧಿಗಾದರೂ ಅಲರ್ಜಿ ಇದೆಯಾ ಅಂತ ಕೇಳುವ ಹಾಗೆ ಕುಡಿತದ ಬಗ್ಗೆಯೂ ಪ್ರತಿಯೊಬ್ಬರನ್ನೂ ಕೇಳಬೇಕಲ್ವಾ? ನಮ್ಮ ಮನೆಯಲ್ಲೇ ಅರ್ಧ ಜನ ಇದು ಮರ್ಯಾದೆ ತೆಗೆಯುವ ಪ್ರಶ್ನೆ ಅನ್ನುತ್ತಾರೆ.

ನೈಟ್ ಡ್ಯೂಟಿ ಸಿಸ್ಟರ್:
ಖಂಡಿತ ಕೇಳಬೇಕು. ನೀವು ಹೇಳಿದ್ದು ಮೂಳೆ ವಾರ್ಡಿನಲ್ಲಿ ನಾವು ಮತ್ತೆ ಮತ್ತೆ ನೋಡುವ ಕಥೆ. ಹಗಲು ಎಲ್ಲ ಸರಿ ಇರುತ್ತದೆ, ರಾತ್ರಿ ಇಡೀ ವಾರ್ಡ್ ಎದ್ದು ಕೂತಿರುತ್ತದೆ.

ಓಪಿಡಿ ಡಾಕ್ಟರ್:
ಚಿಕ್ಕಪ್ಪನವರಿಗೆ ಆಗಿದ್ದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತೇವೆ. ಬಹಳ ದಿನ, ಜಾಸ್ತಿ ಪ್ರಮಾಣದಲ್ಲಿ ಕುಡಿದವರು ಏಕಾಏಕಿ ನಿಲ್ಲಿಸಿದಾಗ ಬರುತ್ತದೆ. ಮದ್ಯ ಮೆದುಳಿಗೆ ದಿನವೂ ಬ್ರೇಕ್ ಹಾಕುತ್ತಿರುತ್ತದೆ. ಮೆದುಳು ಅದಕ್ಕೆ ಹೊಂದಿಕೊಂಡು ಆಕ್ಸಿಲರೇಟರ್ ಒತ್ತಿಕೊಂಡೇ ಇರುತ್ತದೆ. ಆಸ್ಪತ್ರೆ ಮಂಚದ ಮೇಲೆ ಮಲಗಿಸಿದ ಕೂಡಲೇ ಬ್ರೇಕ್ ತೆಗೆದ ಹಾಗಾಗುತ್ತದೆ.

ಕೊನೆಯ ಸಲ ಕುಡಿದು 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ಚಡಪಡಿಕೆ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಗೊಂದಲ, ಇಲ್ಲದ್ದು ಕಾಣುವುದು ಸಾಮಾನ್ಯವಾಗಿ 48ರಿಂದ 96 ಗಂಟೆಯ ನಡುವೆ. ದಿನಾ ಕುಡಿಯುವ ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಮೊದಲೇ ಗೊತ್ತಿದ್ದರೆ ಲೊರಾಜೆಪಾಮ್ ಅಥವಾ ಡಯಾಜೆಪಾಮ್ ಗುಂಪಿನ ಔಷಧಿ ಲೆಕ್ಕ ಹಾಕಿ ಕೊಟ್ಟು ತಡೆಯಬಹುದು. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್. ತುಂಬಾ ಕುಡಿಯುವವರ ಮೈಯಲ್ಲಿ ಇದು ಕಡಿಮೆ ಇರುತ್ತದೆ. ಅದನ್ನು ಕೊಡದೆ ಬರೀ ಗ್ಲುಕೋಸ್ ಡ್ರಿಪ್ ಹಾಕುತ್ತಾ ಹೋದರೆ ವರ್ನಿಕೆ ಎಂಬ ಮೆದುಳಿನ ಕಾಯಿಲೆ ಬರಬಹುದು ಅಥವಾ ಇದ್ದದ್ದು ಜೋರಾಗಬಹುದು.

ಇದೆಲ್ಲ ಒಂದು ಪ್ರಶ್ನೆ ಕೇಳಿದರೆ ತಪ್ಪುವ ಅಪಾಯ. ಹಾಗಾಗಿ ಕೇಳಲೇಬೇಕು ಅನ್ನುವವರಲ್ಲಿ ನಾನೂ ಒಬ್ಬ.

ನೇರಮಾತು:
ಕೇಳಿದರೆ ಯಾರು ಸತ್ಯ ಹೇಳುತ್ತಾರೆ? ನಮ್ಮೂರಲ್ಲಿ ಎಲ್ಲರದ್ದೂ ಒಂದೇ ಉತ್ತರ, "ಹಬ್ಬ ಹುಣ್ಣಿಮೆಗೆ ಸ್ವಲ್ಪ". ಟೈಮ್ ವೇಸ್ಟ್.

ನೈಟ್ ಡ್ಯೂಟಿ ಸಿಸ್ಟರ್:
@ನೇರಮಾತು, ಕೇಳುವ ರೀತಿ ಮುಖ್ಯ. ಹತ್ತು ಜನ ನೆಂಟರು ಸುತ್ತ ನಿಂತಿರುವಾಗ "ಕುಡಿತೀರಾ?" ಅಂದರೆ ಯಾರಾದರೂ ಇಲ್ಲ ಅಂತಲೇ ಹೇಳುತ್ತಾರೆ. ನಾನು ಮೊದಲು ಊಟ, ನಿದ್ದೆ, ಬೀಡಿ ಸಿಗರೇಟು ಕೇಳುತ್ತೇನೆ. ಆಮೇಲೆ "ಡ್ರಿಂಕ್ಸ್ ವಾರದಲ್ಲಿ ಎಷ್ಟು ದಿನ ತಗೋತೀರಾ ಅಣ್ಣ? ಕೊನೆಗೆ ಯಾವಾಗ ತಗೊಂಡಿದ್ದು?" ಅಂತ ಮಾಮೂಲಿ ದನಿಯಲ್ಲಿ ಕೇಳುತ್ತೇನೆ. ನೆಂಟರನ್ನು ಔಷಧಿ ತರಲು ಕಳಿಸಿದ ಮೇಲೆ. ಔಷಧಿ ಕೊಡೋಕೆ ಇದು ಬೇಕು ಅಂತ ಕಾರಣ ಹೇಳಿದರೆ ಬಹಳ ಜನ ನಿಜ ಹೇಳುತ್ತಾರೆ.

ಇನ್ನೊಂದು ವಿಷಯ. "ಬಿಟ್ಟುಬಿಟ್ಟೆ ಸಿಸ್ಟರ್, ಮೊನ್ನೆಯಿಂದ ಮುಟ್ಟಿಲ್ಲ" ಅಂತ ಹೇಳುವವರ ಮೇಲೆ ನಾನು ಜಾಸ್ತಿ ಕಣ್ಣಿಡುತ್ತೇನೆ. ತೊಂದರೆ ಬರುವುದಾದರೆ ಅವತ್ತೇ ರಾತ್ರಿ ಬರುತ್ತದೆ.

ದಾವಣಗೆರೆ ಅಕ್ಕ:
ಹೆಂಗಸರನ್ನು ಕೇಳುವುದೇ ಇಲ್ಲ, ಅದನ್ನೂ ಹೇಳಿ. ನನಗೆ ಗಾಲ್ ಬ್ಲ್ಯಾಡರ್ ಆಪರೇಷನ್ ಆದಾಗ ಫಾರ್ಮ್ ತುಂಬುತ್ತಿದ್ದ ಹುಡುಗ ನನ್ನ ಮುಖ ನೋಡಿ ತಾನೇ "ಇಲ್ಲ" ಅಂತ ಟಿಕ್ ಹಾಕಿದ. ನಾನು ಕುಡಿಯುವುದಿಲ್ಲ, ಅದು ಬೇರೆ ಮಾತು. ಕುಡಿಯುವವಳಾಗಿದ್ದರೆ?

ಲೆಕ್ಕದ ಮೇಷ್ಟ್ರು:
ಅಕ್ಕ ಹೇಳಿದ್ದು ಸರಿ. ಕೇಂದ್ರ ಸರ್ಕಾರದ 2019ರ ಸಮೀಕ್ಷೆ ಪ್ರಕಾರ ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಶೇ 14.6 ಜನ ಮದ್ಯ ಕುಡಿಯುತ್ತಾರೆ. ಗಂಡಸರಲ್ಲಿ ಶೇ 27.3, ಹೆಂಗಸರಲ್ಲಿ ಶೇ 1.6. ಶೇಕಡಾವಾರು ಕಡಿಮೆ ಅನ್ನಿಸಿದರೂ ನಮ್ಮ ಜನಸಂಖ್ಯೆಗೆ ಅದು ಲಕ್ಷಗಟ್ಟಲೆ ಹೆಂಗಸರು. ನಾಚಿಕೆಯಿಂದ ಹೇಳಿಕೊಳ್ಳದವರು ಇನ್ನೆಷ್ಟೋ. ಒಟ್ಟು ಜನರಲ್ಲಿ ಶೇ 5.2, ಅಂದರೆ ಸುಮಾರು 5.7 ಕೋಟಿ ಜನರಿಗೆ ಕುಡಿತದಿಂದ ಸಹಾಯ ಬೇಕಾಗುವಷ್ಟು ತೊಂದರೆ ಇದೆ ಅಂತ ಅದೇ ಸಮೀಕ್ಷೆ ಹೇಳುತ್ತದೆ. ಚಟಕ್ಕೆ ಬಿದ್ದವರಲ್ಲಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಎಲ್ಲಿದ್ದಾರೆ? ಅವರೂ ಒಂದಲ್ಲ ಒಂದು ದಿನ ಬಿದ್ದು, ಗ್ಯಾಸ್ಟ್ರಿಕ್ ಆಗಿ, ಜಾಂಡಿಸ್ ಆಗಿ ಆಸ್ಪತ್ರೆಗೆ ಬರುತ್ತಾರೆ. ಆಗಲೂ ಕೇಳದಿದ್ದರೆ ಇನ್ಯಾವಾಗ?

ನೇರಮಾತು:
ಮೇಷ್ಟ್ರೇ, ಲಿವರ್ ಟೆಸ್ಟ್ ಮಾಡಿದರೆ ಗೊತ್ತಾಗುತ್ತಲ್ಲ? ಪ್ರಶ್ನೆ ಯಾಕೆ ಕೇಳಬೇಕು?

ಓಪಿಡಿ ಡಾಕ್ಟರ್:
ಗೊತ್ತಾಗುವುದಿಲ್ಲ. ಆ ಟೆಸ್ಟಿನಲ್ಲಿ ನೋಡುವ ಜಿಜಿಟಿ ಹೆಚ್ಚಾಗಲು ಹತ್ತು ಕಾರಣ ಇವೆ, ಫ್ಯಾಟಿ ಲಿವರ್, ಕೆಲವು ಔಷಧಿಗಳು ಎಲ್ಲವೂ ಸೇರಿ. ದಿನಾ ಕುಡಿಯುವ ಎಷ್ಟೋ ಜನರ ರಿಪೋರ್ಟ್ ನಾರ್ಮಲ್ ಬರುತ್ತದೆ. ಅದೇ ಟೆಸ್ಟಿನ ಎಎಸ್‌ಟಿ, ಎಎಲ್‌ಟಿಯ ಎರಡು ಪಟ್ಟಿಗಿಂತ ಜಾಸ್ತಿ ಇದ್ದರೆ, ಕೆಂಪು ರಕ್ತಕಣದ ಗಾತ್ರ ದೊಡ್ಡದಿದ್ದರೆ ಅನುಮಾನ ಬರುತ್ತದೆ, ಅಷ್ಟೇ. ಪ್ರಶ್ನೆ ಇವಕ್ಕಿಂತ ಒಳ್ಳೆಯ ಪರೀಕ್ಷೆ, ಅದಕ್ಕೆ ದುಡ್ಡೂ ಬೇಡ.

ಪ್ರಶ್ನೆಗಳೂ ತೋಚಿದ ಹಾಗೆ ಕೇಳುವಂಥವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ಪರೀಕ್ಷಿಸಿ ಮಾಡಿದ ಆಡಿಟ್ ಎಂಬ 10 ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕುಡಿತ ಅಪಾಯದ ಮಟ್ಟದಲ್ಲಿದೆ ಅಂತ. 20 ಅಥವಾ ಜಾಸ್ತಿ ಬಂದರೆ ಚಟದ ಬಗ್ಗೆ ಸರಿಯಾಗಿ ತಪಾಸಣೆ ಆಗಬೇಕು. ಸಮಯ ಇಲ್ಲದ ಕಡೆ ಮೊದಲ 3 ಪ್ರಶ್ನೆ ಮಾತ್ರ ಕೇಳುತ್ತಾರೆ, ಅದಕ್ಕೆ ಆಡಿಟ್ ಸಿ ಅನ್ನುತ್ತಾರೆ. 12 ಅಂಕದಲ್ಲಿ ಗಂಡಸರಿಗೆ 4, ಹೆಂಗಸರಿಗೆ 3 ಬಂದರೆ ಮುಂದಿನ ಪ್ರಶ್ನೆಗಳನ್ನೂ ಕೇಳಬೇಕು.

ಹಳೇ ಮೆಡಿಕೋ:
ನಮ್ಮ ಕಾಲದಲ್ಲಿ ಕೇಜ್ ಕಲಿಸುತ್ತಿದ್ದರು, ನಾಲ್ಕೇ ಪ್ರಶ್ನೆ. ಕಡಿಮೆ ಮಾಡಬೇಕು ಅನ್ನಿಸಿದೆಯಾ, ಬೇರೆಯವರು ಆಡಿಕೊಂಡಾಗ ಸಿಟ್ಟು ಬಂದಿದೆಯಾ, ತಪ್ಪು ಮಾಡುತ್ತಿದ್ದೇನೆ ಅಂತ ಅನ್ನಿಸಿದೆಯಾ, ಬೆಳಗ್ಗೆ ಎದ್ದ ಕೂಡಲೇ ಕುಡಿಯಬೇಕಾಗಿ ಬಂದಿದೆಯಾ. ಎರಡಕ್ಕೆ ಹೌದು ಅಂದರೆ ಅನುಮಾನ. ಅದೇ ಸುಲಭ, ಅದೇ ಸಾಕು.

ಓಪಿಡಿ ಡಾಕ್ಟರ್:
@ಹಳೇ ಮೆಡಿಕೋ ಸರ್, ಕೇಜ್ ಹಿಡಿಯುವುದು ಆಗಲೇ ಮುಳುಗಿದವರನ್ನು. ಈಗಷ್ಟೇ ಜಾಸ್ತಿ ಮಾಡುತ್ತಿರುವ, ಎರಡು ಮಾತು ಹೇಳಿದರೆ ಕಡಿಮೆ ಮಾಡಬಲ್ಲ 30 ವರ್ಷದ ಹುಡುಗ ಅದರಲ್ಲಿ ತಪ್ಪಿಸಿಕೊಳ್ಳುತ್ತಾನೆ. ಎಷ್ಟು, ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನೇ ಅದು ಕೇಳುವುದಿಲ್ಲ. "ಜೀವನದಲ್ಲಿ ಯಾವಾಗಲಾದರೂ" ಅನ್ನುವುದಕ್ಕೂ ಈಗಿನದಕ್ಕೂ ವ್ಯತ್ಯಾಸ ತೋರಿಸುವುದಿಲ್ಲ.

ಹಳೇ ಮೆಡಿಕೋ:
ಒಪ್ಪುವುದಿಲ್ಲ. ಬೆಳಗ್ಗೆ ಎದ್ದು ಕುಡಿಯುವ ಪ್ರಶ್ನೆ ಒಂದೇ ನನಗೆ ನೂರು ಕೇಸ್ ಹಿಡಿದುಕೊಟ್ಟಿದೆ. ಆಪರೇಷನ್‌ಗೆ ಮುಂಚೆ ನನಗೆ ಬೇಕಾಗಿರುವುದು ಅದೇ.

ಹುಬ್ಬಳ್ಳಿ ಎಕ್ಸ್‌ಪ್ರೆಸ್:
ಡಾಕ್ಟರ್ ಸಾಹೇಬ್ರ, ಆ ಪ್ರಶ್ನೆಯೊಳಗ "ಡ್ರಿಂಕ್" ಅಂದ್ರ ಎಷ್ಟು? ನಮ್ಮ ಕಡೆ ಒಂದು ಡ್ರಿಂಕ್ ಅಂದ್ರ ಒಂದು ಬಾಟ್ಲಿ.

ಲೆಕ್ಕದ ಮೇಷ್ಟ್ರು:
ಇದಕ್ಕೆ ನಾನು ಉತ್ತರ ಹೇಳುತ್ತೇನೆ. ಆಡಿಟ್ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ವಿಸ್ಕಿ, ರಮ್, ಬ್ರಾಂದಿ ಸಾಮಾನ್ಯವಾಗಿ ಶೇ 42.8. ಹಾಗಾದರೆ 30 ಎಂಎಲ್ ಸ್ಮಾಲ್ ಪೆಗ್ ಒಂದು ಡ್ರಿಂಕ್. ನೈಂಟಿ ಅಂದರೆ ಮೂರು. ಕ್ವಾರ್ಟರ್ ಅಂದರೆ ಆರು. 650 ಎಂಎಲ್ ಬಿಯರ್ ಬಾಟ್ಲಿ ಶೇ 5ರದ್ದಾದರೆ ಎರಡೂವರೆ, ಶೇ 8ರ ಸ್ಟ್ರಾಂಗ್ ಆದರೆ ನಾಲ್ಕು.

ತುಂಗಾ ತೀರ ಅವರ ಚಿಕ್ಕಪ್ಪನವರಿಗೇ ಅಂಕ ಹಾಕಿ ನೋಡೋಣ. ವಾರದಲ್ಲಿ 4 ದಿನಕ್ಕಿಂತ ಜಾಸ್ತಿ, 4 ಅಂಕ. ಒಂದು ದಿನಕ್ಕೆ 6 ಡ್ರಿಂಕ್, 2 ಅಂಕ. ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಎಷ್ಟು ಸಲ? ದಿನವೂ, 4 ಅಂಕ. ಒಟ್ಟು 12ಕ್ಕೆ 10. ಮೂರೇ ಪ್ರಶ್ನೆಯಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಭಾನುವಾರ ಮಾತ್ರ ನೈಂಟಿ ಹಾಕುವ ಗಂಡಸರಿಗೆ 2, 1, 0 ಸೇರಿ 3. ಅವರನ್ನು ಯಾರೂ ಕಾಡುವುದಿಲ್ಲ.

ಹುಬ್ಬಳ್ಳಿ ಎಕ್ಸ್‌ಪ್ರೆಸ್:
ಸ್ಟ್ರಾಂಗ್ ಬಿಯರ್ ನಾಲ್ಕಾ?! ಬಿಯರ್ ಅಂದ್ರ ಏನೂ ಅಲ್ಲ ಅಂತಿದ್ರಲ್ಲ ಎಲ್ಲಾರೂ.

ಕರಾವಳಿ:
ಎಲ್ಲ ಕಡೆ ಹಾಗೆ ಹೇಳಿಯೇ ಹುಡುಗರನ್ನು ಶುರು ಮಾಡಿಸುವುದು. ಎರಡು ಸ್ಟ್ರಾಂಗ್ ಬಾಟ್ಲಿ ಅಂದರೆ ಕ್ವಾರ್ಟರ್‌ಗಿಂತ ಜಾಸ್ತಿ ಆಯಿತಲ್ಲ.

ಪಾಲಿಸಿ ಓದುವವ:
ಎಲ್ಲರೂ ವೈದ್ಯಕೀಯ ಮಾತಾಡುತ್ತಿದ್ದೀರಿ. ಜನ ಯಾಕೆ ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುತ್ತೇನೆ. ಇನ್ಶೂರೆನ್ಸ್. ಹೆಲ್ತ್ ಪಾಲಿಸಿಗಳ ಹೊರಗಿಡುವ ಪಟ್ಟಿಯಲ್ಲಿ 12ನೇ ಕೋಡ್ ತೆಗೆದು ಓದಿ. ಮದ್ಯದ ಚಟ, ಮಾದಕ ವಸ್ತು, ಅವುಗಳ ಪರಿಣಾಮದ ಚಿಕಿತ್ಸೆಗೆ ಹಣ ಇಲ್ಲ ಅಂತ ಇರುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಲ್ಕೋಹಾಲ್ ಅನ್ನುವ ಒಂದು ಪದ ಬಿದ್ದರೆ ಸಾಕು, ಕ್ಲೇಮ್ ವಾಪಸ್ ಬರುತ್ತದೆ ಅನ್ನುವ ಭಯ ಎಲ್ಲ ಮನೆಯಲ್ಲೂ ಇದೆ. ನಮ್ಮ ಮಾವನವರ ಪ್ಯಾಂಕ್ರಿಯಾಸ್ ಕೇಸಿನಲ್ಲಿ ಹಾಗೇ ಆಯಿತು. ಮೂರು ಲಕ್ಷ ಕೈಯಿಂದ ಕಟ್ಟಿದೆವು. ಹೀಗಿರುವಾಗ ಅತ್ತೆ ನಿಜ ಹೇಳಬೇಕಿತ್ತು ಅಂತ ಯಾವ ಬಾಯಲ್ಲಿ ಹೇಳಲಿ?

ತುಂಗಾ ತೀರ:
ಇದೇ ಇದೇ. ಚಿಕ್ಕಮ್ಮ ಮೊದಲು ಬಾಯಿ ಬಿಡದೇ ಇದ್ದುದಕ್ಕೆ ಅರ್ಧ ನಾಚಿಕೆ, ಅರ್ಧ ಈ ಭಯ.

ಕೋರ್ಟ್ ರಸ್ತೆ:
ಕಾನೂನು ಏನು ಹೇಳುತ್ತದೆ ನೋಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಅಂದರೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರುತ್ತವೆ. ಅದೇ ಕಾಯ್ದೆಯ 21ನೇ ಸೆಕ್ಷನ್ ಮೈಯ ಕಾಯಿಲೆಗೆ ಕೊಡುವ ಹಾಗೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅನ್ನುತ್ತದೆ. 23ನೇ ಸೆಕ್ಷನ್ ರೋಗಿಯ ಮಾಹಿತಿ ಗುಟ್ಟಾಗಿ ಇಡಬೇಕು ಅನ್ನುತ್ತದೆ. ಕಾಯ್ದೆ ಹೀಗೆ, ಪಾಲಿಸಿ ಹಾಗೆ. ಎರಡೂ ಒಟ್ಟಿಗೆ ಹೇಗೆ ನಿಲ್ಲುತ್ತವೆ ಅಂತ ಕೇಳುವ ಹಕ್ಕು ನಮಗಿದೆ. ಕ್ಲೇಮ್ ತಿರಸ್ಕರಿಸಿದರೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಅದಕ್ಕೆ ಫೀಸ್ ಇಲ್ಲ, ವಕೀಲರೂ ಬೇಡ. ಸುಮ್ನೆ ಬಿಡಬೇಡಿ.

ಪಾಲಿಸಿ ಓದುವವ:
ದೂರು ಕೊಡುವುದು ಆಮೇಲಿನ ಮಾತು ಸರ್. ಬಿಲ್ ಕೌಂಟರ್ ಮುಂದೆ ನಿಂತಾಗ ಕಾಯ್ದೆ ಕೈ ಹಿಡಿಯುವುದಿಲ್ಲ. ಆ ಕೋಡ್ ಇರುವವರೆಗೆ ಎಲ್ಲರನ್ನೂ ಕೇಳುವುದು ಬಡವರಿಗೂ ಮಧ್ಯಮ ವರ್ಗದವರಿಗೂ ಅನ್ಯಾಯ.

ನೈಟ್ ಡ್ಯೂಟಿ ಸಿಸ್ಟರ್:
ನಿಮ್ಮ ನೋವು ಅರ್ಥವಾಗುತ್ತದೆ ಅಣ್ಣ. ಆದರೆ ಗುಟ್ಟು ಮಾಡಿ ಫಿಟ್ಸ್ ಬಂದು ಐಸಿಯುಗೆ ಹೋದರೆ ಆ ಬಿಲ್ ಇನ್ನೂ ದೊಡ್ಡದು. ಫಾರ್ಮಿನಲ್ಲಿ ಬರೆಸಲು ಭಯ ಆದರೆ ಕನಿಷ್ಠ ಡ್ಯೂಟಿ ಡಾಕ್ಟರ್ ಕಿವಿಯಲ್ಲಾದರೂ ಹೇಳಿ. ದಯವಿಟ್ಟು.

ಕರಾವಳಿ:
ಆಕ್ಸಿಡೆಂಟ್ ಕೇಸಿನಲ್ಲಿ ಇನ್ನೂ ಕಷ್ಟ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಆಗುತ್ತದೆ, ಪೊಲೀಸರು ಬರುತ್ತಾರೆ. ರಕ್ತದಲ್ಲಿ 100 ಎಂಎಲ್‌ಗೆ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಗಾಡಿ ಓಡಿಸಿದವರ ಮೇಲೆ ಕೇಸ್. ಮನೆಯವರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ.

ಓಪಿಡಿ ಡಾಕ್ಟರ್:
ಅದು ಬೇರೆ, ಇದು ಬೇರೆ. ಅವತ್ತು ಗಾಡಿ ಓಡಿಸುವಾಗ ಕುಡಿದಿದ್ದರಾ ಅನ್ನುವುದು ಪೊಲೀಸರ ಪ್ರಶ್ನೆ. ಕಳೆದ ವರ್ಷವೆಲ್ಲ ಎಷ್ಟು ಕುಡಿಯುತ್ತಿದ್ದರು ಅನ್ನುವುದು ನಮ್ಮ ಪ್ರಶ್ನೆ. ಎರಡನ್ನೂ ಬೆರೆಸಿ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ.

ನೇರಮಾತು:
ಸರಿ, ಕೇಳಿದಿರಿ, ಅಂಕ ಹಾಕಿದಿರಿ. ಆಮೇಲೆ? ಜಿಲ್ಲಾಸ್ಪತ್ರೆಗೆ ಇರುವುದು ಬೆರಳೆಣಿಕೆಯ ಮನೋವೈದ್ಯರು. ತಾಲ್ಲೂಕಿನಲ್ಲಿ ಅದೂ ಇಲ್ಲ. ಪಟ್ಟಿ ಮಾಡಿ ಫೈಲಿನಲ್ಲಿ ಇಡುವುದಾ?

ಎರಡನೇ ಇನಿಂಗ್ಸ್:
ನಾನು ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. @ನೇರಮಾತು, ನಿಮಗೆ ಉತ್ತರ ಕೊಡಬೇಕು ಅನ್ನಿಸಿತು.

ನಾನು ಬಹಳ ವರ್ಷ ಕುಡಿದವನು. ಆ ಅವಧಿಯಲ್ಲಿ ಗ್ಯಾಸ್ಟ್ರಿಕ್ ಅಂತ, ಬಿಪಿ ಅಂತ, ಕೈ ಮುರಿದುಕೊಂಡೆ ಅಂತ ಎಷ್ಟೋ ಸಲ ಆಸ್ಪತ್ರೆಗೆ ಹೋಗಿದ್ದೇನೆ. ಒಬ್ಬರೂ ನನ್ನನ್ನು ಸರಿಯಾಗಿ ಕೇಳಲಿಲ್ಲ. "ಕುಡಿಯಬೇಡ್ರಿ" ಅಂತ ಚೀಟಿ ಬರೆಯುತ್ತಾ ಹೇಳಿದವರಿದ್ದಾರೆ, ಮುಖ ಎತ್ತಿ ನೋಡದೆ. ಕೊನೆಗೆ ಸಕ್ಕರೆ ಕಾಯಿಲೆಗೆ ಅಡ್ಮಿಟ್ ಆದಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತರು. ಒಂದೊಂದೇ ಪ್ರಶ್ನೆ ಕೇಳಿ ಅಂಕ ಬರೆದು ನನಗೇ ತೋರಿಸಿದರು. ಬೈಯಲಿಲ್ಲ. "ನಿಮಗೆ ಏನು ಅನ್ನಿಸುತ್ತೆ?" ಅಂತ ಕೇಳಿದರು. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅವರೇ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟರು. ಆಮೇಲೆ ಕುಡಿತ ಬಿಡಲು ಹೊರಟವರೇ ಸೇರಿ ನಡೆಸುವ ಎಎ ಮೀಟಿಂಗ್‌ಗಳು. ಮಧ್ಯೆ ಮತ್ತೆ ಜಾರಿದ್ದೂ ಇದೆ. ಈಗ ಕುಡಿಯುತ್ತಿಲ್ಲ.

ಆ ಹತ್ತು ನಿಮಿಷ ಬಹಳ ಮುಂಚೆಯೇ ಸಿಕ್ಕಿದ್ದರೆ ನನ್ನ ಮಗಳ ಬಾಲ್ಯ ಬೇರೆ ಥರ ಇರುತ್ತಿತ್ತು. ಅದಕ್ಕೇ ಹೇಳುತ್ತೇನೆ, ಕೇಳಿ. ಎಲ್ಲರನ್ನೂ ಕೇಳಿ. ಕೆಲವರನ್ನು ಮಾತ್ರ ಕೇಳಿದರೆ ಅದು ಅನುಮಾನ. ಎಲ್ಲರನ್ನೂ ಕೇಳಿದರೆ ಅದು ತಪಾಸಣೆ.

ದಾವಣಗೆರೆ ಅಕ್ಕ:
ದೊಡ್ಡ ಮನಸ್ಸು ನಿಮ್ಮದು. ಹೇಳಿಕೊಂಡದ್ದಕ್ಕೆ ಥ್ಯಾಂಕ್ಸ್ ಅಣ್ಣ.

ಓಪಿಡಿ ಡಾಕ್ಟರ್:
ಅವರು ಹೇಳಿದ ಹತ್ತು ನಿಮಿಷದ ಮಾತಿಗೂ ಆಧಾರ ಇದೆ. ಆಸ್ಪತ್ರೆ ವಾರ್ಡುಗಳಲ್ಲಿ ತುಂಬಾ ಕುಡಿಯುವವರಿಗೆ ಚಿಕ್ಕ ಸಲಹೆ ಕೊಟ್ಟ 14 ಅಧ್ಯಯನಗಳನ್ನು 2011ರ ಕೊಕ್ರೇನ್ ವಿಮರ್ಶೆ ಒಟ್ಟು ಮಾಡಿ ನೋಡಿತು. ಸಲಹೆ ಸಿಕ್ಕವರು ಆರು ತಿಂಗಳಲ್ಲಿ ಕಡಿಮೆ ಕುಡಿಯುತ್ತಿದ್ದರು. ಪಕ್ಕದ ಗೋವಾದಲ್ಲಿ ಸಂಗಾತ್ ಸಂಸ್ಥೆ ಇನ್ನೂ ಮುಂದೆ ಹೋಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ಗಂಡಸರಲ್ಲಿ ಆಡಿಟ್ ಅಂಕ 12ರಿಂದ 19 ಬಂದವರನ್ನು ಆರಿಸಿ, ತರಬೇತಿ ಪಡೆದ ಸಾಮಾನ್ಯ ಜನರಿಂದ ಆಪ್ತಸಮಾಲೋಚನೆ ಕೊಡಿಸಿತು. ಮನೋವೈದ್ಯರಲ್ಲ, ಸೈಕಾಲಜಿ ಓದಿದವರೂ ಅಲ್ಲ. ಮೂರು ತಿಂಗಳ ನಂತರ ಅಪಾಯದ ಮಟ್ಟದಿಂದ ಕೆಳಗೆ ಇಳಿದವರು ಸಮಾಲೋಚನೆ ಸಿಕ್ಕವರಲ್ಲಿ ಶೇ 36, ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಶೇ 26. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮನೋವೈದ್ಯರು ಸಾಲದು ಅನ್ನುವುದು ಕೇಳದೇ ಇರಲು ಕಾರಣ ಆಗಬಾರದು.

ಚಟಕ್ಕೆ ಪೂರ್ತಿ ಬಿದ್ದವರಿಗೆ ಮಾತು ಮಾತ್ರ ಸಾಕಾಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಅವರಿಗೆ ಔಷಧಿ ಬೇಕು, ನಂತರದ ಭೇಟಿಗಳು ಬೇಕು.

ನೇರಮಾತು:
ಗೋವಾದ ಲೆಕ್ಕ ಒಳ್ಳೆಯದೇ. ಆದರೂ ಹತ್ತು ಜನರಲ್ಲಿ ಆರಕ್ಕಿಂತ ಜಾಸ್ತಿ ಜನ ಇಳಿಯಲಿಲ್ಲ ಅಂತಾಯಿತಲ್ಲ?

ಲೆಕ್ಕದ ಮೇಷ್ಟ್ರು:
ನೂರಕ್ಕೆ ಹತ್ತು ಮನೆ ಹೆಚ್ಚು ಉಳಿಯಿತು ಅಂತಲೂ ಆಯಿತಲ್ಲ ಸ್ವಾಮಿ.

ಬಸ್ ಸ್ಟ್ಯಾಂಡ್:
ಒಂದು ಕೇಳಬೇಕಿತ್ತು. ಬಸ್ ಸ್ಟ್ಯಾಂಡ್ ಗೋಡೆ ಮೇಲೆ "ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಅಂತ ಪುಡಿಯ ಪೋಸ್ಟರ್ ಇರುತ್ತಲ್ಲ, ಅದು ಕೆಲಸ ಮಾಡುತ್ತಾ? ನಮ್ಮ ಭಾವನಿಗೆ ಸಾರಿನಲ್ಲಿ ಹಾಕೋಣ ಅಂತ ಅಕ್ಕ ತರಿಸಿದ್ದಾಳೆ.

ಓಪಿಡಿ ಡಾಕ್ಟರ್:
ಹಾಕಬೇಡಿ! ಅಕ್ಕನಿಗೆ ಇವತ್ತೇ ಫೋನ್ ಮಾಡಿ. ಅದರಲ್ಲಿ ಏನಿದೆ ಅಂತ ಪ್ಯಾಕೆಟ್ ಮೇಲೆ ಬರೆದಿರುವುದಿಲ್ಲ. ಡೈಸಲ್ಫಿರಾಂ ಎಂಬ ಔಷಧಿ ಇದ್ದರೆ, ಅದರ ಮೇಲೆ ಕುಡಿದಾಗ ವಾಂತಿ, ಎದೆ ಬಡಿತ, ಬಿಪಿ ಕುಸಿತ ಬರುತ್ತದೆ. ಹೃದಯದ ತೊಂದರೆ ಇರುವವರು ಸಾಯಲೂಬಹುದು. ನಾವು ಅದನ್ನು ರೋಗಿಗೆ ಪೂರ್ತಿ ತಿಳಿಸಿ, ಒಪ್ಪಿಗೆ ಪಡೆದು ಮಾತ್ರ ಕೊಡುತ್ತೇವೆ. ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ತರಹದ ಬೇರೆ ಔಷಧಿಗಳೂ ಇವೆ. ಭಾವನನ್ನು ಕರೆದುಕೊಂಡು ಬನ್ನಿ. ಬರದಿದ್ದರೆ ಅಕ್ಕನೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಟೆಲಿ ಮಾನಸ್‌ಗೆ ಫೋನ್ ಮಾಡಲಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬಸ್ ಸ್ಟ್ಯಾಂಡ್:
ಅಯ್ಯೋ. ಈಗಲೇ ಫೋನ್ ಮಾಡುತ್ತೇನೆ ಸರ್.

ಮಲೆನಾಡ ಮಳೆ:
ಇದೆಲ್ಲ ಬೇಡ, ಮದ್ಯವನ್ನೇ ನಿಲ್ಲಿಸಲಿ. 2007ರ ಜುಲೈನಲ್ಲಿ ಸಾರಾಯಿ ನಿಲ್ಲಿಸಲಿಲ್ವಾ?

ಹುಬ್ಬಳ್ಳಿ ಎಕ್ಸ್‌ಪ್ರೆಸ್:
ಸಾರಾಯಿ ಪಾಕೀಟು ಹೋತು, ಟೆಟ್ರಾ ಪ್ಯಾಕ್ ಬಂತು. ಕುಡಿಯೋರು ಕುಡಿಯೋದು ಬಿಡಲಿಲ್ಲ.

ಆಶಾ ಅಕ್ಕನ ಮಗಳು:
2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಅಂಗಡಿ ಮುಚ್ಚಿದ್ದರಲ್ಲ, ಆಗ ಏನಾಯಿತು ನೆನಪಿದೆಯಾ? ನಮ್ಮ ಬೀದಿಯಲ್ಲೇ ಒಬ್ಬರಿಗೆ ಫಿಟ್ಸ್ ಬಂತು. ಚಟ ಇರುವವರಿಗೆ ಏಕಾಏಕಿ ನಿಲ್ಲಿಸುವುದೇ ಅಪಾಯ ಅಂತ ನಮ್ಮ ಅಮ್ಮನಿಗೆ ಆಗ ಗೊತ್ತಾಯಿತು. ಮನೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಅನ್ನುವವರಿಗೆ ಅಮ್ಮ ಈಗ ಮೊದಲು ಡಾಕ್ಟರ್ ಹತ್ತಿರ ಹೋಗಿ ಅಂತಾರೆ.

ಅಂದ ಹಾಗೆ, 30 ವರ್ಷ ದಾಟಿದವರಿಗೆ ಆಶಾ ಕಾರ್ಯಕರ್ತೆಯರು ತುಂಬುವ ಬಿಪಿ ಶುಗರ್ ಫಾರ್ಮಿನಲ್ಲಿ "ದಿನಾ ಮದ್ಯ ಕುಡಿಯುತ್ತೀರಾ" ಅಂತ ಒಂದು ಪ್ರಶ್ನೆ ಆಗಲೇ ಇದೆ. ಅಮ್ಮ ಮನೆ ಜಗಲಿ ಮೇಲೆ ಕೂತು ಕೇಳುತ್ತಾರೆ, ಜನ ಹೇಳುತ್ತಾರೆ. ಹಳ್ಳಿ ಜಗಲಿಯಲ್ಲಿ ಆಗುವುದು ದೊಡ್ಡ ಆಸ್ಪತ್ರೆಯಲ್ಲಿ ಯಾಕೆ ಆಗುವುದಿಲ್ಲ?

ನೈಟ್ ಡ್ಯೂಟಿ ಸಿಸ್ಟರ್:
ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಒಬ್ಬ ನರ್ಸ್‌ಗೆ ತುಂಬಾ ಮಂಚ ಇರುತ್ತವೆ. ಬಿಪಿ ಚಾರ್ಟಿನ ಪಕ್ಕದಲ್ಲೇ ಆ ಮೂರು ಪ್ರಶ್ನೆ ಅಚ್ಚಾಗಿದ್ದರೆ ಒಂದೂವರೆ ನಿಮಿಷದ ಕೆಲಸ. ಬೇರೆ ಕಾಗದ ಮಾಡಿದರೆ ಯಾರೂ ತುಂಬುವುದಿಲ್ಲ.

ಇನ್ನೊಂದು, ಕೈ ನಡುಗುತ್ತಿದೆ ಅಂತ ಪಾಪ ನೋಡಲಾರದೆ ವಾರ್ಡಿಗೆ ಟೆಟ್ರಾ ಪ್ಯಾಕ್ ತಂದು ಕುಡಿಸುವ ನೆಂಟರಿದ್ದಾರೆ. ದಯವಿಟ್ಟು ಬೇಡ. ಕೊಡುತ್ತಿರುವ ಔಷಧಿ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ನಡುಕ ಕಂಡರೆ ನಮ್ಮನ್ನು ಕರೆಯಿರಿ.

ತುಂಗಾ ತೀರ:
ಸಿಸ್ಟರ್, ಆ ಮೂರು ಪ್ರಶ್ನೆ ಕನ್ನಡದಲ್ಲಿ ಬರೆದುಕೊಡುತ್ತೀರಾ? ಊರಿನ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಮ್ಮ ಪರಿಚಯದವರಿದ್ದಾರೆ. ತೋರಿಸಿ ನೋಡುತ್ತೇನೆ.

ನೈಟ್ ಡ್ಯೂಟಿ ಸಿಸ್ಟರ್:
ನಾನು ಕೇಳುವುದು ಹೀಗೆ. ಮದ್ಯ ಎಷ್ಟು ದಿನಕ್ಕೊಮ್ಮೆ ತಗೊಳ್ಳುತ್ತೀರಾ? ತಗೊಂಡ ದಿನ ಸಾಮಾನ್ಯವಾಗಿ ಎಷ್ಟು ಡ್ರಿಂಕ್? ಒಂದೇ ಸಲಕ್ಕೆ ಆರು ಡ್ರಿಂಕ್ ಅಥವಾ ಜಾಸ್ತಿ ಎಷ್ಟು ಸಲ ಆಗುತ್ತದೆ? ಇವುಗಳ ಜೊತೆಗೆ, ಪಟ್ಟಿಯಲ್ಲಿ ಇಲ್ಲದಿದ್ದರೂ, ಕೊನೆಗೆ ಯಾವಾಗ ತಗೊಂಡಿರಿ ಅನ್ನುವುದನ್ನು ಸೇರಿಸಿಕೊಳ್ಳಿ.

ಹಳೇ ಮೆಡಿಕೋ:
ಬೆಳಗ್ಗೆ ಎದ್ದ ಕೂಡಲೇ ಬೇಕಾಗುತ್ತಾ, ಅದನ್ನೂ ಸೇರಿಸಿ.

ಲೆಕ್ಕದ ಮೇಷ್ಟ್ರು:
ಡ್ರಿಂಕ್ ಅಂತ ಬರೆದರೆ ಹುಬ್ಬಳ್ಳಿಯವರು ಬಾಟ್ಲಿ ಅಂದುಕೊಳ್ಳುತ್ತಾರೆ. ಎರಡನೆಯದರಲ್ಲಿ "ಎಷ್ಟು ಎಂಎಲ್" ಅಂತ ಕೇಳಿ, 30ರಿಂದ ಭಾಗಿಸಿಕೊಳ್ಳಿ. ಮೂರನೆಯದರಲ್ಲಿ "ಒಂದು ಕ್ವಾರ್ಟರ್ ಅಥವಾ ಜಾಸ್ತಿ" ಅಂತಲೇ ಬರೆಯಿರಿ, ಎಲ್ಲರಿಗೂ ಅರ್ಥವಾಗುತ್ತದೆ. ಬಿಯರ್‌ಗೆ ಬೇರೆ ಸಾಲು ಬೇಕು.

ಹುಬ್ಬಳ್ಳಿ ಎಕ್ಸ್‌ಪ್ರೆಸ್:
ಸ್ಟ್ರಾಂಗ್ ಬ್ಯಾರೆ, ಮೈಲ್ಡ್ ಬ್ಯಾರೆ ಬರೀರಿ ಮತ್ತ. ಸೇಂದಿಗೂ ಒಂದು ಸಾಲು ಇರಲಿ.

ಕರಾವಳಿ:
ನಮ್ಮ ಕಡೆ ಅದು ಕಳ್ಳು. ಎರಡೂ ಬರೆಯಿರಿ. ಫಾರ್ಮ್ ರೆಡಿ ಆದ ಮೇಲೆ ಇಲ್ಲೇ ಹಾಕಿ, ನಾನೂ ಇಲ್ಲಿನ ಆಸ್ಪತ್ರೆಗೆ ಕೊಟ್ಟು ನೋಡುತ್ತೇನೆ.